ಸಾಕಿದ ಅಮ್ಮನ ಮದುವೆ: ಮಕ್ಕಳಾದ ನಾವು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ (ಹನುಮಂತನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ಐವರು ಒಬ್ಬರೇ ಅಮ್ಮನ ಕೈಯಲ್ಲಿ ಬೆಳೆದವರು. ಇಬ್ಬರು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದವರಾದರೆ, ಉಳಿದವರನ್ನು ಬಂಧುಗಳು ತಂದು ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಅಮ್ಮ ಯಾರನ್ನೂ ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡಿಲ್ಲ, ಅವರಿಗೆ ಹೆತ್ತ ಮಕ್ಕಳೂ ಇಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅವರ ಯಜಮಾನರು ನಾವೆಲ್ಲ ಬರುವ ಮೊದಲೇ ತೀರಿಕೊಂಡಿದ್ದರು. ಈಗ ಅರವತ್ತರ ಹೊಸ್ತಿಲಲ್ಲಿರುವ ಅಮ್ಮ, ಗಮಕದ ತರಗತಿಯಲ್ಲಿ ಪರಿಚಯವಾದ, ಗ್ರಂಥಾಲಯದ ಕೆಲಸದಿಂದ ನಿವೃತ್ತರಾದ ಒಬ್ಬರನ್ನು ಮದುವೆಯಾಗಲು ನಿಶ್ಚಯಿಸಿದ್ದಾರೆ. ಹುಬ್ಬಳ್ಳಿ, ಪುಣೆ, ಮಂಗಳೂರು ಎಂದು ಚದುರಿಹೋಗಿರುವ ನಾವು ಬಹಳ ವರ್ಷಗಳ ನಂತರ ಒಂದೇ ಸೂರಿನಡಿ ಸೇರಲಿದ್ದೇವೆ.

ಧಾರೆ ಎರೆದುಕೊಡಬೇಕಾದ ಸೋದರಮಾವ ಈ ವಯಸ್ಸಿನಲ್ಲಿ ಇದೇನು ಎಂದು ಮುನಿಸಿಕೊಂಡು ಬರುವುದಿಲ್ಲ ಎಂದಿದ್ದಾರೆ. ಆ ಜಾಗದಲ್ಲಿ ನಾವು ನಿಲ್ಲಬಹುದೇ? ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿ ನಮ್ಮ ಹೆಸರುಗಳನ್ನು ಹೇಗೆ ಹಾಕಿಸಬೇಕು? ಕೊನೆಯ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಹೆತ್ತ ತಾಯಿಯ ಬಳಿಗೆ ಅರಸೀಕೆರೆಗೆ ಹೊರಟುಹೋದವನು, ಅಂದಿನಿಂದ ನಮ್ಮ ಯಾರ ಕರೆಯನ್ನೂ ಸ್ವೀಕರಿಸಿಲ್ಲ. ಅಮ್ಮ ನಮ್ಮೆಲ್ಲರ ಸ್ಟೀಲ್ ತಟ್ಟೆಗಳ ಅಂಚಿನಲ್ಲಿ ಹೆಸರು ಕೊರೆಸಿದ್ದರು. ನಮ್ಮ ತಟ್ಟೆಗಳು ಅಟ್ಟ ಸೇರಿದ ಮೇಲೂ ಅವನದನ್ನು ಮಾತ್ರ ಅಡುಗೆಮನೆಯ ಸ್ಟ್ಯಾಂಡಿನಿಂದ ತೆಗೆಯಲು ಬಿಟ್ಟಿಲ್ಲ. ಅವನನ್ನು ಕರೆಯುವ ಬಗೆ ಹೇಗೆ? ಕಾನೂನಿನ ಕಡೆಯಿಂದ ಗಮನಿಸಬೇಕಾದದ್ದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ನೋಂದಣಿ ಕಚೇರಿಯ ನಿವೃತ್ತ ನೌಕರ, ರಾಜಾಜಿನಗರ)

ತಾಯಿ, ಧಾರೆಯನ್ನು ಯಾರು ಎರೆಯಬೇಕು ಎಂಬುದನ್ನು ಕಾನೂನು ಕೇಳುವುದೇ ಇಲ್ಲ. ಇಬ್ಬರೂ ಹಿಂದೂಗಳಾಗಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳು ನಡೆದರೆ ಸಾಕು. ಆಮೇಲೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಶಾಸ್ತ್ರದ ಗೊಡವೆಯೇ ಬೇಡ ಎನ್ನುವುದಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ ಇಬ್ಬರಲ್ಲಿ ಒಬ್ಬರಾದರೂ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಟ್ಟು, ಮತ್ತೆ 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ಹಾಜರಾಗಬೇಕು. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ರದ್ದಾಗುತ್ತದೆ. ಆ ಮೂರು ಸಹಿಗಳನ್ನು ಮಕ್ಕಳಾದ ನೀವೇ ಹಾಕಬಹುದು.

ನೀವು ಕೇಳದೆ ಇರುವ ಎರಡು ವಿಷಯಗಳು ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ನಿಮ್ಮ ಅಮ್ಮನವರಿಗೆ ಮೊದಲ ಯಜಮಾನರ ಭವಿಷ್ಯನಿಧಿಯಿಂದ, ಅಂದರೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ವಿಧವಾ ಪಿಂಚಣಿ ಬರುತ್ತಿದ್ದರೆ ಮರುಮದುವೆಯಾದ ದಿನಕ್ಕೆ ಅದು ನಿಲ್ಲುತ್ತದೆ. ಅವರಿಗೆ ಇದು ಮೊದಲೇ ತಿಳಿದಿರಲಿ. ಎರಡನೆಯದು ಮನೆ. ಮರುಮದುವೆಯಾದ ಮಾತ್ರಕ್ಕೆ ಗಂಡನಿಂದ ಬಂದ ಮನೆ ಅವರ ಕೈತಪ್ಪುವುದಿಲ್ಲ. ಆದರೆ ಉಯಿಲು ಬರೆಯದೆ ಅವರು ತೀರಿಕೊಂಡರೆ, ಹೆತ್ತ ಅಥವಾ ದತ್ತು ಮಕ್ಕಳಿಲ್ಲದ ಕಾರಣ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ಆ ಮನೆ ಮೊದಲ ಯಜಮಾನರ ವಾರಸುದಾರರಿಗೆ ಹೋಗುತ್ತದೆ. ಅವರು ಸಾಕಿದ ನಿಮಗಾಗಲಿ, ಹೊಸ ಯಜಮಾನರಿಗಾಗಲಿ ಅದರಲ್ಲಿ ಪಾಲಿರುವುದಿಲ್ಲ. ಈಗಾಗಲೇ ಉಯಿಲು ಬರೆದಿದ್ದರೆ ಚಿಂತೆಯಿಲ್ಲ, ಏಕೆಂದರೆ ಹಿಂದೂಗಳು ಬರೆದ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ. ಕ್ರೈಸ್ತರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಮದುವೆಯ ನಂತರ ಹೊಸದಾಗಿ ಬರೆಯಬೇಕಾಗುತ್ತದೆ.

ಉತ್ತರ 2 (ಗೃಹಿಣಿ, ಮಲ್ಲೇಶ್ವರ)

ಮೇಲಿನ ಹಿರಿಯರ ಮಾತು ಸರಿಯಾದದ್ದೇ. ಆದರೆ ಮದುವೆಗೆ ಮುನ್ನ ಉಯಿಲಿನ ಮಾತನ್ನು ಮಕ್ಕಳು ತೆಗೆದರೆ ಅದು ಆಡಿಕೊಳ್ಳುವವರ ಬಾಯಿಗೆ ಆಹಾರವಾಗುತ್ತದೆ. ಅಮ್ಮನ ನಂಬಿಕೆಯ ವಕೀಲರಿಂದಲೋ ಗೆಳತಿಯಿಂದಲೋ ಅದನ್ನು ಹೇಳಿಸಿ.

ನಾನು ಕೂಡ ಹೆತ್ತವರಲ್ಲದವರ ಮನೆಯಲ್ಲಿ ಬೆಳೆದವಳಾದ್ದರಿಂದ ನಿಮ್ಮ ತಮ್ಮನ ವಿಚಾರವಾಗಿ ಒಂದು ಮಾತು ಹೇಳುತ್ತೇನೆ. ವಾಟ್ಸಾಪಿನಲ್ಲಿ ಪತ್ರಿಕೆಯ ಚಿತ್ರ ಕಳುಹಿಸಿ ಕೈತೊಳೆದುಕೊಳ್ಳಬೇಡಿ. ಇಬ್ಬರು ಅರಸೀಕೆರೆಗೆ ಹೋಗಿ, ಮೊದಲು ಅವನ ಹೆತ್ತ ತಾಯಿಗೆ ಅರಿಸಿನ ಕುಂಕುಮ, ಎಲೆ ಅಡಿಕೆ ಕೊಟ್ಟು ಅವರನ್ನೂ ಮದುವೆಗೆ ಕರೆಯಿರಿ. ಸಾಕಿದವರ ಮನೆಗೆ ಹೋದರೆ ಹೆತ್ತವಳಿಗೆ ನೋವಾದೀತು ಎಂಬ ಅಳುಕಿನಿಂದಲೇ ದೂರ ಉಳಿಯುವ ಮಕ್ಕಳಿದ್ದಾರೆ. ಆ ತಾಯಿಯೇ ಹೋಗಿ ಬಾ ಎಂದರೆ ಅರ್ಧ ಕೆಲಸ ಮುಗಿದಂತೆ. ಏಕೆ ಬಿಟ್ಟು ಹೋದೆ ಎಂಬ ಪ್ರಶ್ನೆಯನ್ನು ಅಂದು ಯಾರೂ ಎತ್ತಬಾರದು. ಅವನ ಒಪ್ಪಿಗೆಯಿಲ್ಲದೆ ಪತ್ರಿಕೆಯಲ್ಲಿ ಅವನ ಹೆಸರನ್ನು ಹಾಕಿಸುವುದೂ ಬೇಡ, ಅವನೊಬ್ಬನನ್ನು ಬಿಟ್ಟು ನಾಲ್ವರ ಹೆಸರು ಹಾಕಿಸುವುದೂ ಬೇಡ. ‘ಮಕ್ಕಳು, ಅಳಿಯಂದಿರು, ಸೊಸೆಯಂದಿರು ಮತ್ತು ಮೊಮ್ಮಕ್ಕಳು’ ಎಂದರೆ ಎಲ್ಲರೂ ಒಳಗಾಗುತ್ತಾರೆ.

ಮದುಮಗಳಿಗೆ ಮಡಿಲಕ್ಕಿ ತುಂಬುವುದು ತವರಿನವರ ಹಕ್ಕು. ಅಣ್ಣನೇ ಬಾರದಿದ್ದರೆ ಈಗ ಅವರಿಗೆ ತವರು ನೀವೇ ಅಲ್ಲವೇ? ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ರವಿಕೆ ಕಣ ಎಲ್ಲವನ್ನೂ ನೀವೇ ಹೊಂದಿಸಿ.

ಉತ್ತರ 3 (ಕನ್ನಡ ಅಧ್ಯಾಪಕ, ವಿಜಯನಗರ)

ಧಾರೆಯ ತೊಡಕೇ ಬೇಡವೆನ್ನುವವರಿಗೆ ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯವಿದೆ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ನಡೆಸಿದ್ದು ಹಾಗೆಯೇ. ಅಲ್ಲಿ ಹೆಣ್ಣನ್ನು ಯಾರೂ ಯಾರಿಗೂ ದಾನ ಕೊಡುವುದಿಲ್ಲ. ನೆರೆದವರ ಎದುರು ವಧೂವರರು ತಾವೇ ಪ್ರತಿಜ್ಞೆಗಳನ್ನು ಓದಿ ಒಪ್ಪಿಕೊಳ್ಳುತ್ತಾರೆ. ಕಾನೂನಿನ ನೋಂದಣಿಯನ್ನು ಮಾತ್ರ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು. ಇಷ್ಟು ವರ್ಷ ಸ್ವಂತ ಬಲದಿಂದ ಸಂಸಾರ ತೂಗಿಸಿದ ಹೆಣ್ಣುಮಗಳನ್ನು ಇನ್ನೊಬ್ಬರು ಧಾರೆ ಎರೆದು ಕೊಡುವುದು ನನಗೇನೋ ವಿಚಿತ್ರವಾಗಿ ಕಾಣುತ್ತದೆ. ಇರಲಿ, ಅದು ಅವರ ಇಷ್ಟ.

ಇನ್ನೊಂದು ಎಚ್ಚರಿಕೆ. ಐವರು ಮಕ್ಕಳು ಸೇರಿದಾಗ ಮೈಕು ಹಿಡಿದು ‘ತ್ಯಾಗಮಯಿ’ ಎಂದು ಹೊಗಳುವ ಆಸೆ ಸಹಜವಾಗಿಯೇ ಬರುತ್ತದೆ, ಅದನ್ನು ದಯವಿಟ್ಟು ತಡೆದುಕೊಳ್ಳಿ. ಅಂದು ಅವರು ಮದುಮಗಳು, ಆ ದಿನವನ್ನು ಸನ್ಮಾನ ಸಮಾರಂಭ ಮಾಡಬೇಡಿ. ಪಕ್ಕದಲ್ಲಿ ನಿಂತಿರುವ ವರನಿಗೂ ಸಂಕೋಚವಾಗುತ್ತದೆ. ನಿಮ್ಮ ಕೃತಜ್ಞತೆಯನ್ನು ಹಿಂದಿನ ರಾತ್ರಿ, ಮನೆಯವರಷ್ಟೇ ಇರುವಾಗ ಹೇಳಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಪಿಂಚಣಿ ನಿಲ್ಲುವುದು ಅವರಿಗೆ ಮೊದಲೇ ತಿಳಿದಿತ್ತು. ಅದಕ್ಕಾಗಿ ಮದುವೆಯನ್ನು ಬಿಡಲಾದೀತೇ ಎಂದು ನನ್ನನ್ನೇ ಕೇಳಿದರು. ಮಂತ್ರಮಾಂಗಲ್ಯ ಬೇಡವಂತೆ, ಓಲಗ ಊದಿಸಿಕೊಂಡೇ ಮದುವೆಯಾಗಬೇಕೆಂಬ ಆಸೆಯಿದೆ. ಧಾರೆಗೆ ನಾನು ಮತ್ತು ನಮ್ಮ ಯಜಮಾನರು ಕೂರುವುದು, ಉಳಿದವರು ಕೈ ಜೋಡಿಸುವುದು ಎಂದು ತೀರ್ಮಾನವಾಗಿದೆ. ವರನ ಮಗ ಮೈಸೂರಿನಿಂದ ಬರುತ್ತಿದ್ದಾರೆ, ಅವರಿಗೂ ಇದು ಒಪ್ಪಿಗೆಯಾಗಿದೆ. ಭಾನುವಾರ ನಾನು ಮತ್ತು ಪುಣೆಯ ತಮ್ಮ ಅರಸೀಕೆರೆಗೆ ಹೊರಟಿದ್ದೇವೆ. ಹನುಮಂತನಗರ ಅಥವಾ ಬಸವನಗುಡಿಯ ಸುತ್ತಮುತ್ತ, ನೂರು ಜನಕ್ಕೆ ಬಾಳೆಎಲೆಯ ಮೇಲೆ ಬಡಿಸುವ ಅಡುಗೆಯವರು ಯಾರಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ. ಅಮ್ಮನಿಗೆ ಬಫೆ ಸುತರಾಂ ಒಪ್ಪಿಗೆಯಿಲ್ಲ.