ಆನ್‌ಲೈನ್ ಭಜನೆಯಲ್ಲಿ ತಾಳ ಕೂಡುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರದ ಸಣ್ಣ ಭಜನಾ ಮಂಡಳಿ. ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿರುವುದರಿಂದ ಮೂರು ತಿಂಗಳಿಂದ ಅಲ್ಲಿ ಸೇರುವ ಹಾಗಿಲ್ಲ. ಶನಿವಾರದ ಭಜನೆ ನಿಲ್ಲಬಾರದು ಅಂತ ವಿಡಿಯೋ ಮೀಟಿಂಗ್‌ನಲ್ಲಿ ಶುರು ಮಾಡಿದೆವು, ಮುಂಬೈಯಲ್ಲಿ ನೆಲೆಸಿದ ಹಳೇ ಸದಸ್ಯರೂ ಸೇರುತ್ತಾರೆ, ಒಟ್ಟು 18 ಜನ, ಜಾಸ್ತಿ ಮಂದಿ ಅರವತ್ತು ದಾಟಿದವರು.

ಒಬ್ಬರು ಸಾಲು ಹೇಳಿಕೊಟ್ಟ ಮೇಲೆ ಉಳಿದವರು ಒಟ್ಟಿಗೆ ಹೇಳಬೇಕು ಅಲ್ವಾ? ಎಲ್ಲರೂ ಮೈಕ್ ಆನ್ ಮಾಡಿದರೆ ಒಬ್ಬೊಬ್ಬರ ಸ್ವರ ಒಂದೊಂದು ಹೊತ್ತಿಗೆ ಬರುತ್ತದೆ, ಪಲ್ಲವಿ ಮುಗಿಯುವಷ್ಟರಲ್ಲಿ ತಾಳ ಪೂರ್ತಿ ತಪ್ಪಿರುತ್ತದೆ. ಮೊದಲು ತಾಳದ ಸದ್ದೇ ಕೇಳುತ್ತಿರಲಿಲ್ಲ. ಸದ್ದನ್ನು ಗದ್ದಲ ಅಂತ ಸೋಸದೆ ಹಾಗೇ ಕಳಿಸುವ ‘ಒರಿಜಿನಲ್ ಸೌಂಡ್’ ಸೆಟ್ಟಿಂಗ್ ಹಾಕಿದ ಮೇಲೆ ಅದು ಸರಿಯಾಯಿತು. ಸ್ವರ ತಡವಾಗುವುದು ಮಾತ್ರ ಹಾಗೇ ಇದೆ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿದೆ, ಎಲ್ಲರಿಗೂ ಇಯರ್‌ಫೋನ್ ಹಾಕಿಸಿದೆ. ಜಾಮುಲಸ್ ಅನ್ನುವ ಸಾಫ್ಟ್‌ವೇರ್ ಒಟ್ಟಿಗೆ ಹಾಡುವುದಕ್ಕೆಂದೇ ಇದೆ, ಆದರೆ ಅದಕ್ಕೆ ಕಂಪ್ಯೂಟರ್ ಇದ್ದರೆ ಒಳ್ಳೆಯದು, ನಮ್ಮವರ ಹತ್ತಿರ ಇರುವುದು ಮೊಬೈಲ್.

ಈಗ ಹೇಳಿಕೊಡುವವರನ್ನು ಬಿಟ್ಟು ಎಲ್ಲರನ್ನೂ ಮ್ಯೂಟ್ ಮಾಡುತ್ತಿದ್ದೇವೆ. ತಾಳ ಉಳಿಯಿತು. ಆದರೆ ಕಳೆದ ವಾರ ಹಿರಿಯ ಅಮ್ಮ ಒಬ್ಬರು, ಕೈಯಲ್ಲಿ ತಾಳ ಹಿಡಿದುಕೊಂಡೇ, "ನನ್ನ ಸ್ವರ ನನಗೊಬ್ಬಳಿಗೇ ಕೇಳುದು ಮಗಾ, ಇದು ಭಜನೆ ಅಂತ ಅನ್ನಿಸುದಿಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮೊಬೈಲ್‌ನಲ್ಲೇ ಇಷ್ಟು ಜನ ತಾಳ ತಪ್ಪದೆ, ಒಬ್ಬರ ಸ್ವರ ಇನ್ನೊಬ್ಬರಿಗೆ ಕೇಳುವ ಹಾಗೆ ಹಾಡುವ ದಾರಿ ಇದೆಯಾ? ಇಲ್ಲದಿದ್ದರೆ ನಿಮ್ಮ ಮಂಡಳಿಯಲ್ಲಿ ಹೇಗೆ ನಡೆಸಿದಿರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.