ಪದಚರ್ಚೆ: ಸ್ಟ್ಯಾಕ್ ಟ್ರೇಸ್‌ಗೆ ‘ಅಡಕಲು’ ಒಪ್ಪುತ್ತದಾ? ‘ಜಾಡು’ ಬಿಡಬೇಕಾ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಸಂಜೆ ಹೊತ್ತು ಏಳೆಂಟು ಹುಡುಗ ಹುಡುಗಿಯರಿಗೆ ವೆಬ್ ಪುಟ ಮಾಡುವುದನ್ನು ಹೇಳಿಕೊಡುತ್ತೇನೆ. ಆಳಂದ, ಚಿತ್ತಾಪುರ, ಸೇಡಂ ಕಡೆಯವರು. ಪಾಠ ಕನ್ನಡದಲ್ಲಿ, ಟಿಪ್ಪಣಿಯೂ ಕನ್ನಡದಲ್ಲಿ. ಬ್ರೌಸರ್, ಫಂಕ್ಷನ್, ಎರರ್ ಇವನ್ನೆಲ್ಲ ಹಾಗೇ ಇಟ್ಟಿದ್ದೇನೆ. ಎಲ್ಲಕ್ಕೂ ಹೊಸ ಪದ ಬೇಕು ಅನ್ನುವ ಹಟ ನನಗಿಲ್ಲ. ಆದರೆ ‘ಸ್ಟ್ಯಾಕ್ ಟ್ರೇಸ್’, ಅಂದರೆ ಎರರ್ ಬಂದಾಗ ಅದರ ಕೆಳಗೆ ಬರುವ ಫಂಕ್ಷನ್ ಹೆಸರುಗಳ ಪಟ್ಟಿ, ಅದಕ್ಕೆ ಮಾತ್ರ ಟಿಪ್ಪಣಿಯಲ್ಲಿ ‘ಜಾಡು’ ಅಂತ ಬರೆದೆ. ಕಳೆದ ವಾರ ಅದೇ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಒಬ್ಬ ಹುಡುಗಿ ತೊಗರಿ ಧಾರಣೆ ತೋರಿಸುವ ಪುಟ ಮಾಡಿದ್ದಳು. ಊರಿನ ಹೆಸರು ಒತ್ತಿದರೆ ಕ್ವಿಂಟಲ್ ದರ, ಇಷ್ಟು ಚೀಲಕ್ಕೆ ಇಷ್ಟು ಅಂತ ಲೆಕ್ಕ. ಫಂಕ್ಷನ್‌ಗಳಿಗೆ ಕನ್ನಡದ ಹೆಸರನ್ನೇ ಕೊಟ್ಟಿದ್ದಳು. ಜಾವಾಸ್ಕ್ರಿಪ್ಟ್‌ನಲ್ಲಿ ಅದು ನಡೆಯುತ್ತದೆ, ಕನ್ನಡ ಅಕ್ಷರದ ಹೆಸರನ್ನು ಅದು ಒಪ್ಪುತ್ತದೆ. ‘ಪುಟತೋರಿಸು’ ಮೊದಲು ‘ಧಾರಣೆತರು’ವನ್ನು ಕರೆಯುತ್ತದೆ. ಅದು ದರಗಳನ್ನು ತಂದುಕೊಟ್ಟ ಮೇಲೆ ‘ಪುಟತೋರಿಸು’ವೇ ‘ಸಾಲುಮಾಡು’ವನ್ನು ಕರೆಯುತ್ತದೆ. ‘ಸಾಲುಮಾಡು’ ಒಳಗಿಂದ ‘ಚೀಲದಲೆಕ್ಕ’ಕ್ಕೆ ಕರೆ. ಕಲಬುರಗಿ ಒತ್ತಿದರೆ ಸರಿಯಾಗಿ ಬಂತು. ಬೀದರ್ ಒತ್ತಿದರೆ ಪುಟ ಖಾಲಿ. ಬ್ರೌಸರ್ ಎರರ್ ತೋರಿಸುವ ಕನ್ಸೋಲ್ ತೆರೆದರೆ ಕೆಂಪಗೆ ಹೀಗೆ:

ಟೈಪ್‌ಎರರ್: ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್
ಆ್ಯಟ್ ಚೀಲದಲೆಕ್ಕ 42:17
ಆ್ಯಟ್ ಸಾಲುಮಾಡು 28:9
ಆ್ಯಟ್ ಪುಟತೋರಿಸು 11:3

ಇಲ್ಲದ್ದರ ಒಳಗೆ ಏನನ್ನೋ ಓದಲು ಹೋಗಿದೆ ಅಂತ ಇದರ ಅರ್ಥ. ಮೊದಲನೆಯ ಅಂಕಿ ಸಾಲು, ಎರಡನೆಯದು ಆ ಸಾಲಿನಲ್ಲಿ ಎಷ್ಟನೇ ಅಕ್ಷರ ಅನ್ನುವುದು. ಆಕೆ ಇದನ್ನು ನೋಡಿ, “ಮೇಡಂ, ಜಾಡಿನಲ್ಲಿ ಧಾರಣೆತರು ಇಲ್ಲ. ಅಂದ್ರೆ ಅದು ಓಡೇ ಇಲ್ಲ” ಅಂದಳು. ಅದು ಯಾಕೆ ಓಡಲಿಲ್ಲ ಅಂತ ಅರ್ಧ ತಾಸು ಹುಡುಕಿದಳು. ಅದು ಓಡಿತ್ತು. ಕೆಲಸ ಮುಗಿಸಿ ವಾಪಸ್ ಬಂದಿತ್ತು. ಮುಗಿಸಿ ಬಂದದ್ದಕ್ಕೇ ಅದರ ಹೆಸರು ಅಲ್ಲಿ ಇರಲಿಲ್ಲ!

ತಪ್ಪು ಅವಳದ್ದಲ್ಲ, ನನ್ನ ಪದದ್ದು. ಜಾಡು ಅಂದರೆ ನಡೆದು ಬಂದ ದಾರಿಯ ಗುರುತು. ಎಲ್ಲೆಲ್ಲಿ ಕಾಲಿಟ್ಟರೋ ಅಲ್ಲೆಲ್ಲ ಹೆಜ್ಜೆ ಇರಬೇಕು, ಅಲ್ವಾ? ಸ್ಟ್ಯಾಕ್ ಟ್ರೇಸ್ ಹಾಗಲ್ಲ. ಆ ಗಳಿಗೆಗೆ ಇನ್ನೂ ಯಾರ್‍ಯಾರ ಕೆಲಸ ಮುಗಿದಿಲ್ಲ ಅನ್ನುವ ಪಟ್ಟಿ ಅದು. ‘ಚೀಲದಲೆಕ್ಕ’ ಮುಗಿಯಲಿ ಅಂತ ‘ಸಾಲುಮಾಡು’ ಕಾಯುತ್ತಿದೆ, ‘ಸಾಲುಮಾಡು’ ಮುಗಿಯಲಿ ಅಂತ ‘ಪುಟತೋರಿಸು’ ಕಾಯುತ್ತಿದೆ. ಮುಗಿಸಿ ಹೋದವರಿಗೆ ಅಲ್ಲಿ ಜಾಗವಿಲ್ಲ.

ಇನ್ನು ತಪ್ಪು ಎಲ್ಲಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಈ ಗುಂಪಿನಲ್ಲಿ ಇರುವವರಿಗೆ ಖುಷಿಯಾಗಬಹುದು. ‘ಬೀದರ್’ ಅಂತ ಎರಡು ಕಡೆ ಬರೆದಿದ್ದಳು. ಒಂದು ಕಡೆ ‘ಬೀದರ್‌ಗೆ’ ಅಂತ ಟೈಪ್ ಮಾಡಿ ‘ಗೆ’ ಅಳಿಸಿದ್ದಳು. ರ್ ಆದ ಮೇಲೆ ಒತ್ತಕ್ಷರ ಆಗದಂತೆ ಹಾಕುವ, ಕಣ್ಣಿಗೆ ಕಾಣದ ಅಕ್ಷರ ಅಲ್ಲೇ ಉಳಿದಿತ್ತು. ನಮಗೆ ಎರಡೂ ಒಂದೇ ಬೀದರ್, ಬ್ರೌಸರ್‌ಗೆ ಎರಡು ಬೇರೆ ಊರು. ಹೀಗಾಗಿ ದರ ಸಿಗಲಿಲ್ಲ. ಕೊನೆಗೆ ‘ರ್’ ಇರುವ ಊರಿಗೆಲ್ಲ ಈ ಕಾಟ ಉಂಟು. ಸೇಡಂನವರು ಪುಣ್ಯವಂತರು.

ಈಗ ಪದದ ವಿಷಯ. ಮೊದಲು ‘ಸ್ಟ್ಯಾಕ್’.

ರಾಶಿ ಅನ್ನಲು ಮನಸ್ಸಿಲ್ಲ. ನಮ್ಮ ಕಡೆ ರಾಶಿ ಅಂದರೆ ಕಣದಲ್ಲಿ ತೊಗರಿ, ಜೋಳ ಒಕ್ಕುವ ಕೆಲಸ, ಆ ಕಾಳಿನ ಗುಡ್ಡೆ. ಎಲ್ಲಿಂದ ಬೇಕಾದರೂ ಬೊಗಸೆ ತುಂಬಿಕೊಳ್ಳಬಹುದು. ಕಂಪ್ಯೂಟರ್‌ನಲ್ಲಿ ‘ಹೀಪ್’ ಅನ್ನುವುದು ಬೇರೆ ಇದೆ, ರಾಶಿಯನ್ನು ಅದಕ್ಕೆ ಎತ್ತಿಡೋಣ. ಬಣವೆಯೂ ಆಗದು. ಮೇವು ಬೇಕಾದಾಗ ಬಣವೆಯನ್ನು ಪಕ್ಕದಿಂದ ಹಿರಿಯುತ್ತೇವೆ. ಸ್ಟ್ಯಾಕ್ ಅಂದರೆ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು, ನಡುವೆ ಕೈ ಹಾಕುವಂತಿಲ್ಲ.

ಆಗ ನೆನಪಾದದ್ದು ಅಜ್ಜಿ ಮನೆಯ ಅಡಕಲ ಗಡಿಗೆ. ಕತ್ತಲೆ ಕೋಣೆಯ ಮೂಲೆಯಲ್ಲಿ ಕೆಳಗೆ ದೊಡ್ಡದು, ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಒಂದರಲ್ಲಿ ಅಲಸಂದಿ, ಒಂದರಲ್ಲಿ ಕುಸುಬಿ. ಬುಡದ ಗಡಿಗೆಯ ಕಾಳು ಬೇಕಾದರೆ ಮೇಲಿನವನ್ನು ಒಂದೊಂದೇ ಇಳಿಸಬೇಕು. ಕಾಲ್ ಸ್ಟ್ಯಾಕ್, ಅಂದರೆ ಇನ್ನೂ ಮುಗಿಯದ ಫಂಕ್ಷನ್ ಕರೆಗಳ ಸ್ಟ್ಯಾಕ್, ಇರುವುದು ಥೇಟ್ ಹೀಗೇ. ಇದರಲ್ಲಿ ಇನ್ನೊಂದು ಲಾಭ ಇದೆ. ಪ್ರತಿ ಕರೆಗೂ ಒಂದು ‘ಫ್ರೇಮ್’ ಇರುತ್ತದೆ, ಆ ಫಂಕ್ಷನ್‌ನ ಸ್ವಂತ ವೇರಿಯಬಲ್‌ಗಳು ಅದರಲ್ಲಿ ಇರುತ್ತವೆ. ಅದನ್ನು ‘ಗಡಿಗೆ’ ಅಂದುಬಿಡಬಹುದು. ಒಂದು ಗಡಿಗೆಯ ಕಾಳು ಇನ್ನೊಂದರದ್ದಲ್ಲ ಅಂತ ಹೇಳಿದ ಕೂಡಲೇ ಮಕ್ಕಳಿಗೆ ತಿಳಿಯಿತು. ಫಂಕ್ಷನ್ ತನ್ನನ್ನು ತಾನೇ ಕರೆಯುತ್ತಾ ಹೋದಾಗ ಕ್ರೋಮ್ ‘ಮ್ಯಾಕ್ಸಿಮಮ್ ಕಾಲ್ ಸ್ಟ್ಯಾಕ್ ಸೈಜ್ ಎಕ್ಸೀಡೆಡ್’ ಅನ್ನುತ್ತದೆ, ಫೈರ್‌ಫಾಕ್ಸ್ ‘ಟೂ ಮಚ್ ರಿಕರ್ಷನ್’ ಅನ್ನುತ್ತದೆ. ನಾನು “ಅಡಕಲು ಜಂತಿಗೆ ತಾಗಿತು” ಅಂದೆ. ನಕ್ಕರು, ಮರೆಯಲಿಲ್ಲ.

ಆದರೆ ಒಬ್ಬ ಹುಡುಗ ಒಪ್ಪಲಿಲ್ಲ. “ಅಡಕಲು ಯಾರು ನೋಡ್ಯಾರ ಮೇಡಂ, ಈಗೆಲ್ಲ ಸ್ಟೀಲ್ ಡಬ್ಬಿ. ‘ಥಪ್ಪಿ’ ಅನ್ರಿ” ಅಂದ. ಅವನ ಅಪ್ಪ ಹಮಾಲಿ ಮಾಡುತ್ತಾರೆ, ಚೀಲ ಥಪ್ಪಿ ಹಚ್ಚುವುದು, ಅಂದರೆ ಒಂದರ ಮೇಲೊಂದು ಪೇರಿಸುವುದು, ಅವರ ದಿನದ ಮಾತು. ಮಾತು ಖರೇ. ಥಪ್ಪಿ ಬದುಕಿರುವ ಪದ, ಅಡಕಲು ಹಳೆಯ ಮನೆಯ ಜೊತೆ ಹೋಗುತ್ತಿರುವ ಪದ. ಆದರೂ ನನಗೆ ಅಡಕಲಿನ ಮೇಲೇ ಮನಸ್ಸು. ಥಪ್ಪಿಯಲ್ಲಿ ಎಲ್ಲ ಚೀಲವೂ ಒಂದೇ, ಅಡಕಲಿನಲ್ಲಿ ಒಂದೊಂದು ಗಡಿಗೆಯ ಒಳಗೂ ಬೇರೆ ಬೇರೆ ಕಾಳು. ಸುಮ್ನೆ ಅಜ್ಜಿಯ ಮೇಲಿನ ಪ್ರೀತಿಗೆ ವಾದ ಮಾಡುತ್ತಿದ್ದೇನೆ ಅನ್ನಿಸಿದರೆ ಹಾಗೆಯೇ ಹೇಳಿ.

ಇನ್ನು ‘ಟ್ರೇಸ್’. ಜಾಡು ಬೇಡ ಅಂದೆ. ‘ಪಂಚನಾಮೆ’ ಅಂತ ಒಮ್ಮೆ ಅನ್ನಿಸಿತು. ಅದರಲ್ಲೂ ಬರೆಯುವುದು ಆ ಜಾಗ ಆ ಹೊತ್ತಿನಲ್ಲಿ ಇದ್ದ ಸ್ಥಿತಿಯನ್ನೇ. ಯಾರು ಮಾಡಿದರು ಅನ್ನುವುದು ಆಮೇಲಿನ ವಿಚಾರಣೆ. ಸ್ಟ್ಯಾಕ್ ಟ್ರೇಸ್‌ನ ಮೇಲಿನ ಸಾಲೂ ಒಡೆದ ಜಾಗವನ್ನು ತೋರಿಸುತ್ತದೆ, ಕಲ್ಲು ಹೊಡೆದವರನ್ನಲ್ಲ. ಆದರೆ ಪಂಚರಿಲ್ಲದ ಪಂಚನಾಮೆ ಎಂಥದ್ದು? ಎರರ್ ಇಲ್ಲದೆಯೂ, ಕೋಡ್‌ನಲ್ಲಿ ‘ಕನ್ಸೋಲ್ ಡಾಟ್ ಟ್ರೇಸ್’ ಅಂತ ಬರೆದು ಈ ಪಟ್ಟಿಯನ್ನು ತರಿಸಿಕೊಳ್ಳಬಹುದು. ಅಪರಾಧವೇ ಇಲ್ಲದೆ ಪಂಚನಾಮೆ ಅಂದರೆ ಜಾಸ್ತಿ ಆಯಿತು. ಹೀಗಾಗಿ ನಮ್ಮ ಕಡೆ ಪಟ್ಟಿಗೆ ಅನ್ನುವ ‘ಯಾದಿ’ಗೆ ಬಂದು ನಿಂತಿದ್ದೇನೆ: ‘ಅಡಕಲ ಯಾದಿ’. ಮೇಲಿನ ಗಡಿಗೆಯಿಂದ ಬುಡದವರೆಗೆ ಓದಿಕೊಂಡು ಹೋಗುವುದು. ಪೈಥಾನ್ ಭಾಷೆ ಮಾತ್ರ ತಿರುವುಮುರುವು, ಬುಡದಿಂದ ಶುರು ಮಾಡಿ ಎರರ್ ಬಂದದ್ದನ್ನು ಕೊನೆಗೆ ಹೇಳುತ್ತದೆ. ಎತ್ತಿನ ಮೇಲೆ ಬಂದು ಮೂಲ ಪುರುಷನಿಂದ ವಂಶ ಹೇಳುವ ಹೆಳವರ ಹಾಗೆ. ಪೈಥಾನ್‌ನವರು ಇದಕ್ಕೆ ಅನ್ನುವ ‘ಟ್ರೇಸ್‌ಬ್ಯಾಕ್’ಗೂ ಯಾದಿ ನಡೆಯುತ್ತದೆ, ಯಾದಿಗೆ ದಿಕ್ಕಿನ ಹಂಗಿಲ್ಲ.

ಒಂದು ಕಡೆ ನನ್ನ ವಾದ ಸಡಿಲ ಇದೆ, ಅದನ್ನೂ ಹೇಳಬೇಕು. ‘ಎರಡು ಸೆಕೆಂಡ್ ಬಿಟ್ಟು ಇದನ್ನು ಮಾಡು’ ಅಂತ ಸೆಟ್‌ಟೈಮ್‌ಔಟ್‌ಗೆ ಕೊಟ್ಟರೆ, ಆ ಹೊತ್ತಿಗೆ ಹಳೆಯ ಅಡಕಲು ಪೂರ್ತಿ ಇಳಿದಿರುತ್ತದೆ. ಹೊಸದು ಶುರು. ಕ್ರೋಮ್‌ನ ಡೆವಲಪರ್ ಟೂಲ್ಸ್ ಮಾತ್ರ ಆ ಕೆಲಸವನ್ನು ಮೊದಲು ಹಚ್ಚಿದ್ದು ಯಾರು ಅಂತ ನೆನಪಿಟ್ಟು ಕೆಳಗೆ ಸೇರಿಸಿ ತೋರಿಸುತ್ತದೆ. ಅಲ್ಲಿ ಇರುವವರು ಕಾಯುತ್ತಿಲ್ಲ, ಎಂದೋ ಮುಗಿಸಿ ಹೋಗಿದ್ದಾರೆ. ಅದು ಖರೇನೇ ಜಾಡು. ‘ಇದು ಮುಗಿಯುವವರೆಗೆ ಕಾಯಿ’ ಅನ್ನುವ ‘ಅವೇಟ್’ ಬಳಸಿದರೆ ಹಾಗಲ್ಲ, ಅಲ್ಲಿ ಕರೆದವರು ಇನ್ನೂ ಕಾಯುತ್ತಲೇ ಇರುತ್ತಾರೆ. ಅದಕ್ಕೆ ಸೆಟ್‌ಟೈಮ್‌ಔಟ್ ತರಹದ್ದಕ್ಕೆ ಜಾಡು, ಉಳಿದದ್ದಕ್ಕೆ ಯಾದಿ ಅಂತ ಎರಡು ಪದ ಇಟ್ಟುಕೊಂಡರೆ ಹೇಗೆ? ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ ಇದೆ ಅಂತ ನಾವೂ ಒಂದಕ್ಕೇ ಜೋತುಬೀಳಬೇಕಿಲ್ಲ.

ಬೀದರ್, ಯಾದಗಿರಿ ಕಡೆಯವರಿಗೆ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ‘ಅಡಕಲು’ ಇನ್ನೂ ಯಾರ ಬಾಯಲ್ಲಾದರೂ ಇದೆಯಾ? ಮೈಸೂರು, ಮಂಗಳೂರು ಕಡೆಯವರಿಗೆ ಇನ್ನೊಂದು: ‘ಯಾದಿ’ ಅಂದರೆ ನಿಮಗೆ ಥಟ್ಟನೆ ತಿಳಿಯುತ್ತದಾ, ಇಲ್ಲ ‘ಪಟ್ಟಿ’ ಅಂತಲೇ ಬರೆಯಲಾ? ಸೋಮವಾರ ಟಿಪ್ಪಣಿಯನ್ನು ಜೆರಾಕ್ಸ್‌ಗೆ ಕೊಡಬೇಕು. ಅಷ್ಟರೊಳಗೆ ಯಾರಾದರೂ ಉತ್ತರ ಹಾಕಿ.