ಪುಟ್ಟಿಯ ಶಾಕುಹಾಚಿಗೆ, ಚಿಕ್ಕಮ್ಮನ ಉದ್ದದ ಉತ್ತರ

ಪುಟ್ಟೀ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಒಸಾಕಾದಲ್ಲಿ ಶಾಕುಹಾಚಿ, ಅದೇ ಜಪಾನಿನ ಬಿದಿರಿನ ಕೊಳಲಿನ ಕ್ಲಾಸಿಗೆ ಸೇರಿದ್ದೀಯ ಅಂತ ಓದಿ ಖುಷಿಯಾಯಿತು. ಅದರ ಕೆಳಗೇ ಬರೆದಿದ್ದೀಯಲ್ಲ, ಹೆಬ್ಬೆರಳು ನೋಯುತ್ತೆ, ಎಲ್ಲಾ ತೂತು ಮುಚ್ಚಿದರೆ ಬರಬೇಕಾದ 'ರೊ' ಸ್ವರ ಬರೋದೇ ಇಲ್ಲ, ಬರೀ ಗಾಳಿ ಅಂತ. ಕ್ಯೋಟೋದಲ್ಲಿದ್ದಾಗ ನಾನೂ ಅದನ್ನು ಕಲಿತವಳೇ, ಅದಕ್ಕೆ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಉದ್ದ ಆಗುತ್ತದೆ, ಟ್ರೈನಲ್ಲಿ ಕೂತಾಗ ಓದಿಕೋ.

ನೀನು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ನಿನ್ನ ಉಗುರುಗಳು ಬೆಳ್ಳಗಾಗಿವೆ. ಅಷ್ಟು ಒತ್ತಿ ಹಿಡಿದಿದ್ದೀಯ. ಎರಡು ತೊಂದರೆಗೂ ಕಾರಣ ಅದೇ.

ಭಾವ, ನೀವು 'ನಮ್ಮ ಕೊಳಲು ಹಿಡಿಯುವ ಹಾಗೇ ಹಿಡಿಯಮ್ಮಾ, ಎಲ್ಲಾ ಬಿದಿರೇ ತಾನೇ' ಅಂತ ಬರೆದಿದ್ದೀರಿ. ಬೇಡಿ, ಅವಳನ್ನು ಇನ್ನೂ ಗೊಂದಲ ಮಾಡಬೇಡಿ! ನಮ್ಮ ಕೊಳಲು ಅಡ್ಡಕ್ಕೆ ಇರುತ್ತದೆ, ಅದರ ಭಾರ ಕೈ ಮೇಲೆ ಕೂತಿರುತ್ತದೆ. ಶಾಕುಹಾಚಿ ಬಾಯಿಂದ ಕೆಳಕ್ಕೆ ಇಳಿಯುತ್ತದೆ, ಎದೆಯ ಮುಂದೆ ಓರೆಯಾಗಿ. ಸಾಮಾನ್ಯ ಅಳತೆಯದು ಸುಮಾರು 54.5 ಸೆಂಟಿಮೀಟರ್ ಉದ್ದ. ಬಿದಿರಿನ ಬೇರಿನ ಕಡೆಯ ದಪ್ಪ ಭಾಗವನ್ನೇ ತುದಿಗೆ ಉಳಿಸಿಕೊಂಡು ಮಾಡಿರುತ್ತಾರೆ, ಹಾಗಾಗಿ ಕೆಳಗಡೆ ಭಾರ ಜಾಸ್ತಿ. ಅದು ಜಾರಿ ಬೀಳುತ್ತದೆ ಅನ್ನೋ ಭಯಕ್ಕೇ ಹೊಸಬರು ಎಲ್ಲಾ ಬೆರಳನ್ನೂ ಗಟ್ಟಿ ಮಾಡುತ್ತಾರೆ. ತೂತು ಮುಚ್ಚಬೇಕಾದ ಬೆರಳುಗಳೂ ಕೊಳಲನ್ನು ಹಿಡಿದುಕೊಳ್ಳೋ ಕೆಲಸಕ್ಕೆ ಇಳಿದುಬಿಡುತ್ತವೆ. ಅಲ್ಲೇ ಎಲ್ಲಾ ಕೆಡೋದು.

ತೂತು ಐದೇ, ಮುಂದೆ ನಾಲ್ಕು, ಹಿಂದೆ ಒಂದು. ಕೆಳಗಿನಿಂದ ಎಣಿಸುತ್ತಾರೆ, ಹಿಂದಿನದು ಐದನೆಯದು. ಕೆಳಗಿನ ಕೈಯ ಉಂಗುರದ ಬೆರಳು ಒಂದನೇ ತೂತಿಗೆ, ತೋರುಬೆರಳು ಎರಡನೆಯದಕ್ಕೆ. ಮೇಲಿನ ಕೈಯ ಉಂಗುರದ ಬೆರಳು ಮೂರಕ್ಕೆ, ತೋರುಬೆರಳು ನಾಲ್ಕಕ್ಕೆ, ಹೆಬ್ಬೆರಳು ಹಿಂದಿನ ಐದಕ್ಕೆ. ಕಿರುಬೆರಳುಗಳಿಗೆ ಕೆಲಸವಿಲ್ಲ, ಸುಮ್ನೆ ಬಿಡು. ಕೆಲವರು ಮೂರನೇ ತೂತನ್ನು ನಡುಬೆರಳಿನಿಂದ ಮುಚ್ಚುತ್ತಾರೆ. ನಿಮ್ಮ ಸೆನ್ಸೇ (ಮೇಷ್ಟ್ರು) ಹಾಗೆ ಹೇಳಿಕೊಟ್ಟಿದ್ದರೆ ಅದೇ ಇರಲಿ, ನನ್ನ ಮಾತಿಗೆ ಬದಲಾಯಿಸಬೇಡ. ಯಾವ ಕೈ ಮೇಲೆ ಅನ್ನೋದೂ ನಿನ್ನಿಷ್ಟ, ಆದರೆ ಒಮ್ಮೆ ಆರಿಸಿದ ಮೇಲೆ ಅದಲು ಬದಲು ಮಾಡಬಾರದು.

ಹಿಡಿಯೋದು ಯಾರು ಹಾಗಾದರೆ? ಕೆಳಗಿನ ಕೈಯ ನಡುಬೆರಳು ಮತ್ತು ಹೆಬ್ಬೆರಳು. ನಡುಬೆರಳು ಒಂದು ಮತ್ತು ಎರಡನೇ ತೂತಿನ ನಡುವೆ ಮುಂದುಗಡೆ, ಹೆಬ್ಬೆರಳು ಅದಕ್ಕೆ ಎದುರಾಗಿ ಹಿಂದುಗಡೆ. ಈ ಎರಡು ಯಾವತ್ತೂ ಮೇಲೇಳುವುದಿಲ್ಲ. ನಿನಗೆ ಇದು ಗೊತ್ತಿರೋ ಹಿಡಿತವೇ ಪುಟ್ಟಿ. ಅಜ್ಜಿ ಮನೆಯಲ್ಲಿ ಬಿಸಿ ಕಾಫಿ ತುಂಬಿದ ಸ್ಟೀಲ್ ಲೋಟವನ್ನು ಅಂಚಲ್ಲಿ ಎರಡೇ ಬೆರಳಲ್ಲಿ ಎತ್ತುತ್ತೀಯಲ್ಲ, ಹಾಗೆ. ಲೋಟ ಬೀಳೋದೂ ಇಲ್ಲ, ನೀನು ಹಿಂಡೋದೂ ಇಲ್ಲ. ಮೇಲಿನ ಕೈಯ ನಡುಬೆರಳು ಬಿದಿರಿನ ಮೇಲೆ ಸುಮ್ನೆ ಕೂತು ಸ್ವಲ್ಪ ಆಸರೆ ಕೊಡುತ್ತದೆ. ಇನ್ನೊಂದು ಆಸರೆ ಗಲ್ಲ. ಕೊಳಲಿನ ಮೇಲ್ತುದಿ ಕೆಳತುಟಿಯ ಕೆಳಗಿನ ಗುಂಡಿಯಲ್ಲಿ ಕೂರಬೇಕು, ಒತ್ತಬಾರದು.

ಈಗ ಊದದೇ ಒಂದು ಪರೀಕ್ಷೆ ಮಾಡು. ಕನ್ನಡಿ ಮುಂದೆ ಕೂತು ಕೊಳಲನ್ನು ಗಲ್ಲಕ್ಕೆ ಇಟ್ಟುಕೋ. ಮೇಲಿನ ಕೈ ಪೂರ್ತಿ ತೆಗೆದುಬಿಡು. ಕೆಳಗಿನ ಕೈಯ ತೋರುಬೆರಳು, ಉಂಗುರದ ಬೆರಳನ್ನೂ ಎತ್ತು. ನಡುಬೆರಳು, ಹೆಬ್ಬೆರಳು, ಗಲ್ಲ, ಇಷ್ಟರಲ್ಲೇ ಕೊಳಲು ಅಲುಗದೆ ನಿಲ್ಲಬೇಕು. ಮಡಿಲಲ್ಲಿ ದಿಂಬು ಇಟ್ಟುಕೊಂಡರೆ ಬೀಳುವ ಭಯ ಇರಲ್ಲ. ನಿಂತಿತು ಅನ್ನಿಸಿದ ಮೇಲೆ ಉಳಿದ ಬೆರಳುಗಳನ್ನು ಒಂದೊಂದಾಗಿ ತೂತಿನ ಮೇಲೆ ಬಿಡು. ಒತ್ತಬೇಡ, ಬಿಡು. ಬೆರಳು ಸರಿಯಾಗಿ ಕೂತರೆ ಬಿದಿರಿನ ಒಳಗಿಂದ 'ಟುಪ್' ಅಂತ ಸಣ್ಣ ಶಬ್ದ ಬರುತ್ತದೆ. ಗಾಳಿ ಸೋರುತ್ತಿದ್ದರೆ ಆ ಶಬ್ದ ಮಂಕು.

ಆಮೇಲೆ ಬೆರಳು ತಿರುಗಿಸಿ ನೋಡಿಕೋ. ಚರ್ಮದ ಮೇಲೆ ತೂತಿನ ಅಚ್ಚು ಬಿದ್ದಿರುತ್ತದೆ. ಪೂರ್ತಿ ಉಂಗುರದ ಹಾಗೆ, ಬೆರಳಿನ ಮೆತ್ತನೆ ಭಾಗದ ಮಧ್ಯಕ್ಕೆ ಬಿದ್ದಿದೆಯಾ? ಅಥವಾ ಉಗುರಿನ ಹತ್ತಿರ ಅರ್ಧ ಚಂದ್ರದ ಹಾಗೆ ಬಿದ್ದಿದೆಯಾ? ಅರ್ಧ ಇದ್ದರೆ ಅಲ್ಲೇ ಸೋರುತ್ತಿದೆ ಅಂತ. ಈ ತೂತುಗಳ ಅಗಲ ಸುಮಾರು 10 ಮಿಲಿಮೀಟರ್, ಬೆರಳ ತುದಿಯಿಂದ ಮುಚ್ಚಿದರೆ ಸಾಲದು. ಮೊದಲ ಗೆಣ್ಣನ್ನು ಬಗ್ಗಿಸದೆ ಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಕು. ಅಚ್ಚು ಕೆಂಪಾಗಿ ಆಳವಾಗಿ ಬಿದ್ದಿದ್ದರೆ ಒತ್ತಿದ್ದು ಜಾಸ್ತಿ ಆಯಿತು.

ಆಮೇಲೆ ಊದು, ಆದರೆ 'ರೊ'ದಿಂದ ಶುರು ಮಾಡಬೇಡ. ಎಲ್ಲಾ ತೂತು ಬಿಟ್ಟು ಊದಿ, ಮೇಲಿನಿಂದ ಒಂದೊಂದೇ ಮುಚ್ಚುತ್ತಾ ಕೆಳಗಿಳಿ. ಎಲ್ಲಿ ಸ್ವರ ಒಡೆಯಿತೋ ಆಗ ಮುಚ್ಚಿದ ಬೆರಳೇ ಕಳ್ಳ. ಹೆಚ್ಚಾಗಿ ಕೆಳಗಿನ ಉಂಗುರದ ಬೆರಳೇ ಸಿಕ್ಕಿಬೀಳುತ್ತದೆ. ಆಗ ಬೆರಳನ್ನು ಎಳೆದು ಚಾಚಬೇಡ. ಮೊಣಕೈಯನ್ನು ಮೈಯಿಂದ ಸ್ವಲ್ಪ ದೂರ ಇಡು, ಮಣಿಕಟ್ಟು ನೆಟ್ಟಗಿರಲಿ, ಕೈಯನ್ನು ಸ್ವಲ್ಪ ಓರೆ ಮಾಡು. ಬೆರಳು ತಾನಾಗಿಯೇ ತೂತಿಗೆ ಬರುತ್ತದೆ.

ಅಮ್ಮಾ, ನೀವು ಕೇಳಿದಿರಲ್ಲ ಅದರ ಸ್ವರ ಯಾವುದು ಅಂತ. ಅವಳದು ಪಾಶ್ಚಾತ್ಯ ಲೆಕ್ಕದಲ್ಲಿ ಡಿ ಶ್ರುತಿಯದು. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಡಿ, ಎಫ್, ಜಿ, ಎ, ಸಿ. ಡಿಯನ್ನು ಷಡ್ಜ ಅಂದುಕೊಂಡರೆ ಸ ಗ ಮ ಪ ನಿ, ನಿಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೇ! ಆದರೆ ಅವರು ನುಡಿಸೋದು ಕೇಳಿದರೆ ಧನ್ಯಾಸಿ ನೆನಪಿಗೂ ಬರುವುದಿಲ್ಲ, ದಾರಿಯೇ ಬೇರೆ.

ಪುಟ್ಟಿ, ಹಿಡಿತದ ಬಗ್ಗೆ ನಾನು ಇಷ್ಟೊಂದು ಹಟ ಮಾಡೋಕೆ ಕಾರಣ ಇದೆ. ಅಲ್ಲಿಯ ಹಳೆಯ ಶೈಲಿಯಲ್ಲಿ ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಾಲಿಗೆ ತಟ್ಟುವುದಿಲ್ಲ. ಉಸಿರು ಹರಿಯುತ್ತಲೇ ಇರುತ್ತದೆ, ಬೆರಳು ತೂತನ್ನು ಪಟ್ಟನೆ ಹೊಡೆದು ಸ್ವರವನ್ನು ಬೇರೆ ಮಾಡುತ್ತದೆ. ಬಿಗಿದ ಬೆರಳಿಗೆ ಆ ಚುರುಕು ಬರಲ್ಲ. ಇನ್ನು 'ಮೆರಿ' ಅಂತ ಕಲಿಸುತ್ತಾರೆ, ತಲೆ ತಗ್ಗಿಸಿ ಸ್ವರ ಇಳಿಸುವುದು. ಒಂದನೇ ತೂತನ್ನು ಪೂರ್ತಿ ಬಿಟ್ಟರೆ ಬರುವ ಎಫ್ ಅನ್ನು, ತಲೆ ತಗ್ಗಿಸಿ ತೂತನ್ನು ಅರೆಬರೆ ಮುಚ್ಚಿ ಇ ಫ್ಲಾಟ್‌ಗೆ ಇಳಿಸಬೇಕು. ಬೆರಳು ಚಪ್ಪಟೆಯಾಗಿದ್ದರೆ ಅದನ್ನು ಸ್ವಲ್ಪ ಹೊರಳಿಸಿದರೆ ಸಾಕು. ತಲೆ ಆಡುವಾಗ ಕೊಳಲು ಅದರ ಜೊತೆ ಆಡಬಾರದು. ಗಲ್ಲದ ಒತ್ತಡದಲ್ಲೇ ಕೊಳಲು ನಿಂತಿದ್ದರೆ ತಲೆ ಎತ್ತಿದ ಕೂಡಲೇ ಎಲ್ಲಾ ಕಳಚುತ್ತದೆ. 'ಕತ್ತು ಆಡಿಸಲು ಮೂರು ವರ್ಷ, ಕೊರೊಗೆ ಎಂಟು ವರ್ಷ' ಅಂತ ಅವರಲ್ಲಿ ಗಾದೆಯೇ ಇದೆ. ಕೊರೊ ಅಂದರೆ ಕೆಳಗಿನ ಎರಡು ತೂತುಗಳನ್ನು ಸರಸರ ಬಿಟ್ಟು ಮುಚ್ಚಿ ಉರುಳಿಸುವ ನಾದ. ಆ ಎರಡು ಬೆರಳ ಮಧ್ಯೆ ನಿಂತು ಇಡೀ ಕೊಳಲನ್ನು ಹಿಡಿದಿರೋದು ಅದೇ ನಡುಬೆರಳು!

ಬೆರಳು ನೋಡಿಕೊಂಡು ನುಡಿಸೋ ಅಭ್ಯಾಸ ಬೇಡ, ಕನ್ನಡಿ ಪರೀಕ್ಷೆಗೆ ಮಾತ್ರ. ಹಿಂದೆ ಜಪಾನಿನಲ್ಲಿ ಕೊಮುಸೊ ಅನ್ನೋ ಸನ್ಯಾಸಿಗಳು ತಲೆಗೆ ಬುಟ್ಟಿಯಂಥ ಟೋಪಿ ಕವುಚಿಕೊಂಡು ಬೀದಿಯಲ್ಲಿ ಶಾಕುಹಾಚಿ ನುಡಿಸುತ್ತಿದ್ದರಲ್ಲ, ಅವರಿಗೆ ಬೆರಳು ಎಷ್ಟು ಕಾಣುತ್ತಿತ್ತೋ ಏನೋ. 1871ರಲ್ಲಿ ಸರ್ಕಾರ ಅವರ ಪಂಥವನ್ನೇ ರದ್ದು ಮಾಡಿತು, ಕೊಳಲು ಮಾತ್ರ ಉಳಿಯಿತು. ಕ್ಯೋಟೋದಲ್ಲಿ ತೋಫುಕುಜಿ ಸ್ಟೇಷನ್ ಹತ್ತಿರ ಅವರ ಮ್ಯೋಅಂಜಿ ದೇವಸ್ಥಾನ ಇದೆ. ನಿನಗೇನು ದೂರ, ರಜೆ ಇದ್ದಾಗ ಹೋಗಿ ಬಾ.

ನೋವಿನ ವಿಷಯ. ಬೆರಳು ನೊಂದರೆ ಆವತ್ತಿಗೆ ನಿಲ್ಲಿಸು. ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ನುಡಿಸು. ಕೊಳಲು ಕೆಳಗಿಟ್ಟ ಮೇಲೂ ಕೈ ಜೋಮು ಹಿಡಿದೇ ಇದ್ದರೆ, ಹೆಬ್ಬೆರಳ ಬುಡ ಊದಿಕೊಂಡರೆ ಡಾಕ್ಟರಿಗೆ ತೋರಿಸು, ಗೂಗಲ್ ನೋಡಿಕೊಂಡು ಕೂರಬೇಡ.

ಅಕ್ಕ, 'ಇವಳ ಕೈ ಚಿಕ್ಕದು, ಚಿಕ್ಕ ಕೊಳಲು ಕೊಡಿಸೋಣವಾ' ಅಂದೆಯಲ್ಲ. 48.5 ಸೆಂಟಿಮೀಟರಿನದು ಸಿಗುತ್ತದೆ, ತೂತುಗಳು ಹತ್ತಿರ ಹತ್ತಿರ ಇರುತ್ತವೆ. ಆದರೆ ಅದರ ಶ್ರುತಿ ಇ, ಕ್ಲಾಸಿನಲ್ಲಿ ಎಲ್ಲರ ಜೊತೆ ನುಡಿಸೋಕೆ ಕೂಡಿಬರಲ್ಲ. ಮೊದಲು ಹಿಡಿತ ಸರಿಹೋಗಲಿ, ಆಮೇಲೂ ಉಂಗುರದ ಬೆರಳು ತಲುಪದಿದ್ದರೆ ಸೆನ್ಸೇ ಹತ್ತಿರವೇ ಕೇಳಲಿ.

ಪುಟ್ಟಿ, ಈ ಭಾನುವಾರ ಪಕ್ಕದಿಂದ ತೆಗೆದ ಫೋಟೋ ಒಂದು ಕಳಿಸು. ಕೆಳಗಿನ ಹೆಬ್ಬೆರಳು ಕಾಣಬೇಕು, ಮುಖ ಕಾಣದಿದ್ದರೂ ಪರವಾಗಿಲ್ಲ.